ಹೆಸರಿಡುವ ಮುನ್ನವೇ ನೆಲೆ ಕಳೆದುಕೊಂಡ ಗಿಡ

ಗಿಡವೆಂದರೆ ಹಸಿರು ಎಲೆ, ಬಿಸಿಲಿನಲ್ಲಿ ಆಹಾರ ತಯಾರಿಕೆ ಎಂದು ಪ್ರಾಥಮಿಕ ಶಾಲೆಯಿಂದಲೇ ಕಲಿಯುತ್ತೇವೆ. ಆದರೆ ಪತ್ರಹರಿತ್ತಿಲ್ಲದ, ದ್ಯುತಿಸಂಶ್ಲೇಷಣೆಯನ್ನೇ ನಡೆಸದ ಹೂಬಿಡುವ ಸಸ್ಯಗಳೂ ಇವೆ. ಮಣ್ಣಿನೊಳಗಿನ ಶಿಲೀಂಧ್ರಗಳೇ ಇವುಗಳಲ್ಲಿ ಹಲವಕ್ಕೆ ಆಧಾರ.

ಬೇರು ಮತ್ತು ಶಿಲೀಂಧ್ರಗಳ ನಂಟಿಗೆ 1885ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರು 'ಮೈಕೊರೈಜಾ' ಎಂದು ಹೆಸರಿಟ್ಟರು. ಈ ನಂಟಿನಲ್ಲಿ ಶಿಲೀಂಧ್ರವು ಖನಿಜಾಂಶವನ್ನು ಒದಗಿಸಿದರೆ ಹಸಿರು ಸಸ್ಯವು ಸಕ್ಕರೆಯನ್ನು ಕೊಡುತ್ತದೆ. ಹಸಿರಿಲ್ಲದ ಈ ಸಸ್ಯಗಳಾದರೋ ಸಕ್ಕರೆಯನ್ನೂ ಶಿಲೀಂಧ್ರದಿಂದಲೇ ಪಡೆಯುತ್ತವೆ. ಮೂಲತಃ ಆ ಸಕ್ಕರೆ ಸುತ್ತಲಿನ ಗಿಡಮರಗಳು ತಯಾರಿಸಿದ್ದು.

ಇಂಥವುಗಳಲ್ಲಿ 'ಥಿಸ್ಮಿಯಾ' ಎಂಬ ಕುಲ ಬಹಳ ವಿಚಿತ್ರವಾದುದು. ವರ್ಷದ ಹೆಚ್ಚಿನ ಕಾಲ ನೆಲದೊಳಗೇ ಇದ್ದು, ಕೆಲವೇ ವಾರ ಪುಟ್ಟ ದೀಪದಂತಹ ಹೂವನ್ನು ತರಗೆಲೆಗಳ ನಡುವೆ ಮೇಲೆತ್ತುತ್ತದೆ. ಹುಡುಕುವವರ ಕಣ್ಣಿಗೆ ಬೀಳುವುದು ಅಪರೂಪ.

1912ರಲ್ಲಿ ಅಮೆರಿಕದ ಶಿಕಾಗೋ ನಗರದ ಕ್ಯಾಲುಮೆಟ್ ಸರೋವರದ ಬಳಿಯ ಹುಲ್ಲುಗಾವಲಿನಲ್ಲಿ ನಾರ್ಮಾ ಫೈಫರ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಇಂತಹದೊಂದು ಬಿಳಿ ಹೂವನ್ನು ಕಂಡರು. 1914ರಲ್ಲಿ ಅದನ್ನು 'ಥಿಸ್ಮಿಯಾ ಅಮೆರಿಕಾನಾ' ಎಂಬ ಹೊಸ ಪ್ರಭೇದವಾಗಿ ವರ್ಣಿಸಿದರು. 1916ರ ನಂತರ ಆ ಗಿಡವನ್ನು ಯಾರೂ ಕಂಡಿಲ್ಲ. ಕೈಗಾರಿಕೆಗಳು ಬೆಳೆದು ಅದರ ನೆಲೆಯೇ ಅಳಿಯಿತು. ಹಲವು ಬಾರಿ ನಡೆದ ಹುಡುಕಾಟ ಫಲಿಸಲಿಲ್ಲ.

ಜಪಾನಿನ ಕೋಬೆ ನಗರದಲ್ಲೂ ಇದೇ ಕಥೆ ನಡೆಯಿತು. 1992ರಲ್ಲಿ ಅಲ್ಲಿನ ಕಾಡಿನಲ್ಲಿ ಥಿಸ್ಮಿಯಾದ ಒಂದೇ ಒಂದು ಗಿಡ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಅದೇ ಸ್ಥಳದಲ್ಲಿ ಹುಡುಕಿದರೂ ಮತ್ತೊಂದು ದೊರೆಯಲಿಲ್ಲ. 1999ರಲ್ಲಿ ಆ ಜಾಗದಲ್ಲಿ ಕೈಗಾರಿಕಾ ಸಂಕೀರ್ಣ ತಲೆಯೆತ್ತಿತು. ಉಳಿದದ್ದು ಜೋಪಾನವಾಗಿಟ್ಟ ಆ ಒಂದು ಮಾದರಿ ಮಾತ್ರ. ಕೆಂಜಿ ಸುಯೆತ್ಸುಗು ಮತ್ತು ಸಂಗಡಿಗರು ಅದರ ಹೂವಿನ ಭಾಗಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿ, 2018ರಲ್ಲಿ ಅದು ಹೊಸ ಪ್ರಭೇದವೆಂದು ಸಾರಿ 'ಥಿಸ್ಮಿಯಾ ಕೋಬೆನ್ಸಿಸ್' ಎಂದು ಹೆಸರಿಟ್ಟರು. ಹೆಸರು ಬಂದಾಗಲೇ ಅದು ನಶಿಸಿಹೋಗಿರಬೇಕೆಂದು ಭಾವಿಸಲಾಗಿತ್ತು.

ಆದರೆ 2021ರಲ್ಲಿ ಮೊದಲ ಸ್ಥಳದಿಂದ ಸುಮಾರು 30 ಕಿಲೋಮೀಟರ್ ದೂರದ ಸಾಂಡಾ ನಗರದಲ್ಲಿ ಅದೇ ಗಿಡ ಮತ್ತೆ ಕಾಣಿಸಿತು. ಜೀವಂತ ಗಿಡಗಳು ಸಿಕ್ಕಿದ್ದರಿಂದ ಒಂದೇ ಮಾದರಿಯಲ್ಲಿ ತಿಳಿಯದಿದ್ದ ಲಕ್ಷಣಗಳೂ ಬೆಳಕಿಗೆ ಬಂದವು. ಶಿಕಾಗೋದ ಕಳೆದುಹೋದ ಗಿಡಕ್ಕೂ ಇದಕ್ಕೂ ರೂಪದಲ್ಲಿ ನಿಕಟ ಹೋಲಿಕೆಯಿದೆ ಎಂದು ಸಂಶೋಧಕರು 2023ರಲ್ಲಿ ಪ್ರಕಟಿಸಿದರು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಹೆಸರಿಲ್ಲದ ಜೀವಿಯನ್ನು ಸಂರಕ್ಷಣಾ ಪಟ್ಟಿಗೆ ಸೇರಿಸುವುದು ಕಷ್ಟ. ಕೋಬೆಯ ಗಿಡಕ್ಕೆ ಹೆಸರು ಬರಲು 26 ವರ್ಷ ಹಿಡಿಯಿತು, ಅದರ ನೆಲೆ ಏಳೇ ವರ್ಷದಲ್ಲಿ ಹೋಯಿತು. ಎರಡನೆಯದು, ಇಂತಹ ಗಿಡವನ್ನು ಮಾತ್ರ ಕಿತ್ತು ಕುಂಡದಲ್ಲಿಟ್ಟು ಉಳಿಸಲು ಬರುವುದಿಲ್ಲ. ಅದರ ಶಿಲೀಂಧ್ರ ಬೇಕು, ಶಿಲೀಂಧ್ರಕ್ಕೆ ಮರಗಳು ಬೇಕು, ಮರಗಳಿಗೆ ಕದಡದ ಮಣ್ಣು ಬೇಕು. ಅಂದರೆ ಬೆರಳುದ್ದದ ಗಿಡವೊಂದು ಬದುಕಬೇಕಾದರೆ ಇಡೀ ಕಾಡು ಉಳಿಯಬೇಕು.

ಫೈಫರ್ ಆ ಹೂವನ್ನು ಕಂಡಾಗ ಇನ್ನೂ ವಿದ್ಯಾರ್ಥಿನಿ. ಕಾಲಬುಡದ ನೆಲವನ್ನು ಬಗ್ಗಿ ನೋಡುವ ಕುತೂಹಲ ಅವರಲ್ಲಿತ್ತು. ಆ ಕುತೂಹಲ ನಿಮ್ಮಲ್ಲೂ ಬೆಳೆಯಲಿ.