ತೈಬರ್ ನದಿಯ ಆಚೆ ಈಚೆ



ಜೂನ್ 29ರಂದು ನಾವು ಪ್ರೇಷಿತರಾದ ಸಂತ ಪೇತ್ರ ಹಾಗೂ ಸಂತ ಪೌಲರ ಹಬ್ಬವನ್ನು ಆಚರಿಸುತ್ತೇವೆ. ಇಬ್ಬರೂ ರಕ್ತಸಾಕ್ಷಿಗಳಾದದ್ದು ರೋಮ್ ನಗರದಲ್ಲಿ. ರೋಮ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ. ಯಾತ್ರೆ ಹೋಗಿ ಬಂದವರು ತೋರಿಸುವ ಫೋಟೋಗಳಲ್ಲೂ ಅದೇ. ಆ ಗುಮ್ಮಟದಿಂದ ಸ್ವಲ್ಪ ದೂರದಲ್ಲಿರುವ ಕೇರಿಗಳ ಕಡೆಗೆ ಈ ಸಲ ನಾವು ಗಮನ ಹರಿಸೋಣ.

ತೈಬರ್ ನದಿಯ ಬಲದಂಡೆಯ ಬಡಾವಣೆಗೆ ತ್ರಾಸ್ತೇವೆರೆ ಎಂದು ಹೆಸರು. ತೈಬರಿನ ಆಚೆ ಎಂದೇ ಅದರ ಅರ್ಥ. ಇಂದು ಪ್ರವಾಸಿಗರಿಂದ ಗಿಜಿಗುಡುವ ಈ ಇಕ್ಕಟ್ಟಾದ ಓಣಿಗಳಲ್ಲಿ ಪ್ರಾಚೀನ ಕಾಲದಲ್ಲಿ ದುಡಿಯುವವರು, ಪರದೇಶಗಳಿಂದ ಬಂದವರು ವಾಸಿಸುತ್ತಿದ್ದರು. ರೋಮಿನ ಯೆಹೂದ್ಯರೂ ಹೆಚ್ಚಾಗಿ ಇಲ್ಲಿಯೇ ಇದ್ದರು. ಕ್ರಿಸ್ತಪೂರ್ವ ಎರಡನೆಯ ಶತಮಾನದಿಂದಲೇ ಅವರು ಆ ಊರಿನವರು. ಅಂದರೆ ರೋಮಿನಲ್ಲಿ ಅವರು ನಮಗಿಂತ ಹಿರಿಯರು. ಬಂದಿಯಾಗಿ ರೋಮಿಗೆ ಬಂದ ಪೌಲರು ಮೂರು ದಿನಗಳ ನಂತರ ಕರೆಸಿಕೊಂಡದ್ದು ಅಲ್ಲಿನ ಯೆಹೂದ್ಯ ಮುಖಂಡರನ್ನೇ (ಪ್ರೇ.ಕಾ. 28:17).

ತ್ರಾಸ್ತೇವೆರೆಯ ಮೇಲಿನ ಜನಿಕೊಲೊ ಗುಡ್ಡದ ಉದ್ಯಾನದಲ್ಲಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಫಿರಂಗಿ ಹಾರಿಸುತ್ತಾರೆ. ನಗರದ ಮತ್ತೊಂದು ಬದಿಯ ವಿಲ್ಲಾ ಬೋರ್ಗೇಸೆ 17ನೆಯ ಶತಮಾನದಲ್ಲಿ ಒಬ್ಬ ಕಾರ್ಡಿನಲರು ತಮ್ಮ ವೈಭವಕ್ಕಾಗಿ ಮಾಡಿಸಿದ ತೋಟ. 1903ರಿಂದ ಅದು ನಗರದ ಸ್ವತ್ತಾಗಿದ್ದು, ಈಗ ಮಕ್ಕಳು ಸೈಕಲ್ ತುಳಿಯುವ ಜಾಗ. ಇವುಗಳ ವರ್ಣನೆ ಪ್ರವಾಸ ಪುಸ್ತಕಗಳಲ್ಲಿ ಬೇಕಾದಷ್ಟಿದೆ.

ಸೇತುವೆ ದಾಟಿ ಎಡದಂಡೆಗೆ ಬಂದರೆ ಸಿಗುವುದು ಘೆಟ್ಟೊ. ಗುರುಮಠದಲ್ಲಿ ಶ್ರೀಸಭೆಯ ಇತಿಹಾಸ ಓದುವಾಗ ನಾವು ಬೇಗ ಬೇಗನೆ ಮಗುಚಿ ಹಾಕಿದ ಪುಟವಿದು. 1555ರ ಜುಲೈ 14ರಂದು ಜಗದ್ಗುರು ನಾಲ್ಕನೆಯ ಪೌಲರು ಒಂದು ಆಜ್ಞಾಪತ್ರ ಹೊರಡಿಸಿ, ರೋಮಿನ ಯೆಹೂದ್ಯರೆಲ್ಲರೂ ಗೋಡೆಯೊಳಗಿನ ಒಂದೇ ಕೇರಿಯಲ್ಲಿ ಇರತಕ್ಕದ್ದೆಂದು ವಿಧಿಸಿದರು. ರಾತ್ರಿಯಾದರೆ ಬಾಗಿಲಿಗೆ ಬೀಗ. ಸ್ವಂತ ಮನೆ, ಜಮೀನು ಹೊಂದುವಂತಿಲ್ಲ. ಹೊರಗೆ ಹೋಗುವಾಗ ಹಳದಿ ಗುರುತು ಧರಿಸಬೇಕು. ಹಳೆಬಟ್ಟೆಯ ವ್ಯಾಪಾರವೇ ಮುಖ್ಯ ಬದುಕು. ತಗ್ಗಾದ ಆ ಜಾಗಕ್ಕೆ ನದಿ ಉಕ್ಕಿದಾಗಲೆಲ್ಲ ನೀರು ನುಗ್ಗುತ್ತಿತ್ತು.

ಪ್ರಬೋಧನೆ ಮಾಡುವವರಾದ ನಮ್ಮನ್ನು ಇನ್ನೂ ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಯೆಹೂದ್ಯರನ್ನು ಬಲವಂತವಾಗಿ ಕರೆತಂದು, ಮತಾಂತರಗೊಳ್ಳುವಂತೆ ಅವರಿಗೆ ಪ್ರಬೋಧನೆ ಕೇಳಿಸಲಾಗುತ್ತಿತ್ತು. ಅವರು ಕಿವಿಗೆ ಮೇಣ ತುಂಬಿಕೊಂಡು ಕೂರುತ್ತಿದ್ದರೆಂದು ಹೇಳುವುದುಂಟು. ಘೆಟ್ಟೊ ಬಾಗಿಲಿನ ಎದುರಿಗಿದ್ದ ಸಂತ ಗ್ರೆಗೋರಿಯವರ ಚಿಕ್ಕ ದೇವಾಲಯದ ಮುಂಭಾಗದಲ್ಲಿ, ಹಟಮಾರಿ ಜನಾಂಗದ ಕುರಿತ ಯೆಶಾಯನ ವಾಕ್ಯ (65:2) ಹೀಬ್ರೂ ಹಾಗೂ ಲತೀನ್ ಭಾಷೆಗಳಲ್ಲಿ ಇಂದಿಗೂ ಇದೆ. ಪ್ರವಾದಿ ಅದನ್ನು ತನ್ನವರಿಗೆ ಹೇಳಿದ. ನಾವು ಅದನ್ನು ಪರರ ಮುಖಕ್ಕೆ ಹಿಡಿದೆವು.

1848ರಲ್ಲಿ ಒಂಬತ್ತನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ ಗೋಡೆ ಬಿತ್ತು. ಆದರೂ ಸಮಾನ ಹಕ್ಕು ದೊರೆತದ್ದು 1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿದ ಮೇಲೆಯೇ. 1904ರಲ್ಲಿ ಅದೇ ನದಿದಡದಲ್ಲಿ ಚೌಕಾಕಾರದ ಗುಮ್ಮಟವುಳ್ಳ ದೊಡ್ಡ ಪ್ರಾರ್ಥನಾಮಂದಿರ ಎದ್ದಿತು. 1943ರ ಅಕ್ಟೋಬರ್ 16ರ ಮುಂಜಾನೆ, ಮಳೆಯಲ್ಲಿ, ಜರ್ಮನ್ ಸೈನಿಕರು ಮನೆಮನೆಗೆ ನುಗ್ಗಿದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಹಿಂದಿರುಗಿ ಬಂದವರು ಹದಿನಾರು ಜನ. ಆ ತಿಂಗಳುಗಳಲ್ಲಿ ರೋಮಿನ ಅನೇಕ ಕನ್ಯಾಮಠ, ಗುರುಮಠಗಳು ಸಾವಿರಾರು ಯೆಹೂದ್ಯರನ್ನು ಅಡಗಿಸಿಟ್ಟು ಉಳಿಸಿದವು ಎಂಬುದೂ ಸತ್ಯ. ಆದರೆ ಈ ಸತ್ಯದಿಂದ ಹಳೆಯ ಲೆಕ್ಕವನ್ನು ಅಳಿಸಲಾಗದು.

1986ರ ಏಪ್ರಿಲ್ 13ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಆ ಪ್ರಾರ್ಥನಾಮಂದಿರಕ್ಕೆ ಹೋಗಿ, ಯೆಹೂದ್ಯರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು. ವ್ಯಾಟಿಕನ್‌ನಿಂದ ಅಲ್ಲಿಗೆ ಕಾರಿನಲ್ಲಿ ಕೆಲವೇ ನಿಮಿಷಗಳ ದಾರಿ!

ಕೊನೆಗೆ ಇನ್ನೊಂದು ಉದ್ಯಾನ. ಅವೆಂತೀನೊ ಗುಡ್ಡದ ಇಳಿಜಾರಿನಲ್ಲಿ ನಗರಸಭೆಯ ಗುಲಾಬಿ ತೋಟವಿದೆ. ಅದು 1645ರಿಂದ ಯೆಹೂದ್ಯರ ಸಮಾಧಿಭೂಮಿಯಾಗಿತ್ತು. 1934ರಲ್ಲಿ ಸಮಾಧಿಗಳನ್ನು ವೆರಾನೊ ಸ್ಮಶಾನಕ್ಕೆ ಸ್ಥಳಾಂತರಿಸಲು ಆರಂಭಿಸಿದರು. 1950ರಲ್ಲಿ ಅಲ್ಲಿ ಗುಲಾಬಿ ನೆಡುವಾಗ ಯೆಹೂದ್ಯ ಸಮುದಾಯದ ಒಪ್ಪಿಗೆ ಪಡೆದು, ಕಾಲುದಾರಿಗಳನ್ನು ಏಳು ಕವಲಿನ ದೀಪಸ್ತಂಭದ ಆಕಾರದಲ್ಲಿ ಹಾಕಿದರು. ಬಾಗಿಲ ಬಳಿ ಮೋಶೆಯ ಕಲ್ಲಿನ ಹಲಗೆಗಳ ಗುರುತನ್ನು ನಿಲ್ಲಿಸಿದ್ದಾರೆ. ಮೇ ತಿಂಗಳಲ್ಲಿ ತೋಟವೆಲ್ಲ ಹೂ. ನಡೆಯುತ್ತಿರುವವರಿಗೆ ದೀಪಸ್ತಂಭದ ಆಕಾರ ತಿಳಿಯುವುದಿಲ್ಲ. ಮೇಲಿನಿಂದ ನೋಡಿದರಷ್ಟೇ ಕಾಣುತ್ತದೆ.