ಟೋಪಿ, ಅಂಗೈ, ಅಧಿಕಾರ: ಶಿರಾ ಸೀಮೆಯಿಂದ ಕಂಡ ಸೇನಾ ವಂದನೆಯ ಚರಿತ್ರೆ

ಶಿರಾ ತಾಲ್ಲೂಕಿನ ತಾವರೆಕೆರೆಯ ಸುತ್ತಣ ಸೀಮೆಯನ್ನು, ಅಂದರೆ ಮಧುಗಿರಿ, ಕೊರಟಗೆರೆ, ಪಾವಗಡಗಳನ್ನೂ ಸೇರಿಸಿ, ಪಾಳೆಯಗಾರರ ನಾಡೆಂದು ವರ್ಣಿಸುವುದು ವಾಡಿಕೆ. ಇಲ್ಲಿನ ಸಮವಸ್ತ್ರದವರ ವಂದನಾಕ್ರಮದ ಚರಿತ್ರೆಯನ್ನು ಮಾತ್ರ ಬ್ರಿಟಿಷರ ಕವಾಯತಿನಿಂದ ಶುರು ಮಾಡಿಬಿಡುತ್ತೇವೆ. ಇದು ಸರಿಯಲ್ಲ. 1687ರಲ್ಲಿ ಶಿರಾ ಮೊಘಲ್ ಸುಬಾದ ಕೇಂದ್ರವಾಯಿತು; ಖಾಸಿಂ ಖಾನ್ ಅದರ ಮೊದಲ ಫೌಜುದಾರ. ಆ ಅಧಿಕಾರಿಗಳು ಕಲಿತು ಬಂದದ್ದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸುವ ದರ್ಬಾರಿ ಶಿಷ್ಟಾಚಾರವನ್ನು. ಕೋರ್ನಿಷ್ ಎಂದರೆ ಬಲ ಅಂಗೈಯನ್ನು ಹಣೆಗಿಟ್ಟು ತಲೆ ಬಾಗುವುದು. ತಸ್ಲೀಮಿನಲ್ಲಿ ಬಲಗೈಯ ಹಿಂಬದಿಯನ್ನು ನೆಲಕ್ಕೆ ತಾಗಿಸಿ, ಮೆಲ್ಲಗೆ ಎತ್ತುತ್ತ ನೇರ ನಿಂತು, ಅಂಗೈಯನ್ನು ನೆತ್ತಿಯ ಮೇಲಿಡಬೇಕು. ತನ್ನ ತಲೆಯನ್ನೇ ಕೈಯಲ್ಲಿಟ್ಟು ದೊರೆಗೆ ಒಪ್ಪಿಸುವ ಭಾವ ಕೋರ್ನಿಷಿನದು, ತನ್ನನ್ನೇ ಅರ್ಪಿಸಿಕೊಳ್ಳುವ ಭಾವ ತಸ್ಲೀಮಿನದು. ಇಲ್ಲಿ ವಂದನೆ ಸಲ್ಲುವುದು ವ್ಯಕ್ತಿಗೆ, ಎದುರಿಗಿರುವವನ ಹುದ್ದೆಗಲ್ಲ.

1761ರಲ್ಲಿ ಬಸಾಲತ್ ಜಂಗ್‌ನಿಂದ ಶಿರಾದ ನವಾಬಗಿರಿಯನ್ನು ಪಡೆದ ಹೈದರಾಲಿ ಈ ದರ್ಬಾರಿ ಪರಂಪರೆಗೆ ವಾರಸುದಾರನಾದ. ಮಗ ಟಿಪ್ಪುವಿನ ಕಾಲಕ್ಕೆ ಯುರೋಪಿನ ಮಾದರಿಯ ಕವಾಯತು ಬೇರೂರಿತ್ತು. ಜೈನುಲ್ ಆಬಿದೀನ್ ಶುಸ್ತರಿ ರಚಿಸಿದ ‘ಫತ್‌ಹುಲ್ ಮುಜಾಹಿದೀನ್’ ಅದಕ್ಕೆ ಪಾರಸಿ ಕೈಪಿಡಿ.

ಯುರೋಪಿನಲ್ಲೇ ಕೈವಂದನೆ ಆಗಿನ್ನೂ ಎಳೆಯದು. ಕವಚಧಾರಿಗಳು ಮುಖದ ಮರೆಯನ್ನು ಎತ್ತಿ ಗುರುತು ತೋರಿಸುತ್ತಿದ್ದುದೇ ಸೆಲ್ಯೂಟಿನ ಮೂಲವೆಂಬ ಕಥೆ ಕೇಳಲು ಚೆಂದ, ಆಧಾರ ತೆಳು. ನಂಬಬಹುದಾದ ಸಾಕ್ಷ್ಯ 1745ರ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಆದೇಶದ್ದು: ಅಧಿಕಾರಿ ಎದುರಾದಾಗ ಟೋಪಿ ತೆಗೆಯಬೇಡಿ, ಕೈಯನ್ನು ಟೋಪಿಗೆ ತಾಗಿಸಿ ಬಾಗಿ ಸಾಕು. ಟೋಪಿ ತೆಗೆಯುವ ಮರ್ಯಾದೆ ಹೀಗೆ ಮೊಟಕಾಗಿ ಸೆಲ್ಯೂಟ್ ಆಯಿತು. ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಕೈ ಎತ್ತುವಂತಿಲ್ಲ ಎಂಬ ನಮ್ಮ ಸೇನೆಯ ನಿಯಮದ ಹಿಂದೆ ಇರುವುದೂ ಇದೇ ಎಂದು ನನ್ನ ಅಭಿಪ್ರಾಯ.

ಮೈಸೂರು ಸಂಸ್ಥಾನದಲ್ಲಿ ಮರ್ಯಾದೆಯನ್ನು ತೋಪಿನ ಲೆಕ್ಕದಲ್ಲಿ ಅಳೆಯಲಾಗುತ್ತಿತ್ತು. 21 ಕುಶಾಲತೋಪುಗಳ ಗೌರವವಿದ್ದ ಐದೇ ಸಂಸ್ಥಾನಗಳಲ್ಲಿ ಮೈಸೂರು ಒಂದು. ಹೈದರಾಬಾದ್, ಬರೋಡ, ಗ್ವಾಲಿಯರ್, ಕಾಶ್ಮೀರ ಉಳಿದವು. ಅದೇ ಸಂಸ್ಥಾನದ ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿತು. ಆದರೂ ರಿಸಾಲ್ದಾರ್, ಸುಬೇದಾರ್ ದರ್ಜೆಯ ಭಾರತೀಯ ಅಧಿಕಾರಿಗೆ ಗೋರಾ ಸಿಪಾಯಿಯ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ಅವನ ಸೆಲ್ಯೂಟಿನ ಹಕ್ಕೂ ಇರಲಿಲ್ಲ. ಒಡೆಯನಿಗೆ 21 ತೋಪು, ಅವನ ಸವಾರನಿಗೆ ಒಂದು ಕೈಯೆತ್ತೂ ಇಲ್ಲ! 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನ ತಂಡದಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಗೋರಾ ಅಧಿಕಾರಿಗಳಿಗಿದ್ದ ಕಿಂಗ್ಸ್ ಕಮಿಷನ್ ಪಡೆದದ್ದರ ತೂಕ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು. 1949ರ ಜನವರಿ 15ರಂದು ಅವರೇ ಮಹಾದಂಡನಾಯಕರಾದರು. ಮೈಸೂರಿನ ಸವಾರರು ಮುಂದೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋದರು.

ಸ್ವತಂತ್ರ ಭಾರತದ ಮೂರೂ ಪಡೆಗಳ ಅಂಗೈ ಇಂದು ಮೂರು ದಿಕ್ಕಿಗೆ ತಿರುಗಿದೆ. ಭೂಸೇನೆಯವರದು ಎದುರಿಗೆ ತೆರೆದ ಅಂಗೈ. ನೌಕಾಪಡೆಯಲ್ಲಿ ಅಂಗೈ ನೆಲ ನೋಡುತ್ತದೆ. ಹಗ್ಗ, ಟಾರು ಮುಟ್ಟಿ ಕೊಳಕಾದ ಕೈಯನ್ನು ಮೇಲಧಿಕಾರಿಗೆ ತೋರಿಸಬಾರದೆಂದು ಹಾಗೆ ಎಂಬುದು ನಾವಿಕರ ವಿವರಣೆ. 2006ರಿಂದ ವಾಯುಪಡೆಯವರು ನಡುವಿನ 45 ಡಿಗ್ರಿ ಕೋನವನ್ನು ಹಿಡಿದಿದ್ದಾರೆ.

ಅಧಿಕಾರಿಗಳ ಸಮಾವೇಶಗಳಲ್ಲಿ ಏನಾಗುತ್ತದೆಂಬುದು ಇನ್ನೂ ಸ್ವಾರಸ್ಯಕರ. ಆಫೀಸರ್ಸ್ ಮೆಸ್ಸಿನಲ್ಲಿ ಟೋಪಿ ಬಾಗಿಲ ಬಳಿಯೇ ಉಳಿಯುತ್ತದೆ. ಒಳಗೆ ಸೆಲ್ಯೂಟ್ ಇಲ್ಲ. ಹಿರಿಯರು ಬಂದರೆ ಎದ್ದು ನಿಂತು ‘ಗುಡ್ ಈವನಿಂಗ್ ಸರ್’ ಎಂದರೆ ಮುಗಿಯಿತು. ಆದರೆ ಔಪಚಾರಿಕ ಭೋಜನದ ರಾತ್ರಿ ಮೇಜಿನ ತುದಿಯಲ್ಲಿ ‘ಮಿಸ್ಟರ್ ವೈಸ್’ ಎನಿಸಿಕೊಂಡು ಕೂರುವವನು ಕಿರಿಯ ಅಧಿಕಾರಿ. ಮದ್ಯದ ಬಾಟಲಿ ಎಡಗಡೆಯವರಿಗೆ ದಾಟುತ್ತ ಸುತ್ತು ಮುಗಿಸಿದ ಮೇಲೆ ರಾಷ್ಟ್ರಪತಿಗಳ ಹೆಸರಿನಲ್ಲಿ ಪಾನಗೌರವಕ್ಕೆ ಎಲ್ಲರನ್ನೂ ಎಬ್ಬಿಸುವ ದನಿ ಅವನದು. ಹಿಂದೆ ಅದೇ ಜಾಗದಲ್ಲಿ ಚಕ್ರವರ್ತಿಯ ಹೆಸರು ಬರುತ್ತಿತ್ತು. ಹೆಸರು ಬದಲಾಯಿತು, ಬಾಟಲಿಯ ದಿಕ್ಕು ಬದಲಾಗಲಿಲ್ಲ.

ಮೈಸೂರಿನಲ್ಲಿ ತೋಪಿನ ಗತಿಯೂ ಇದೇ. 1971ರಲ್ಲಿ 26ನೇ ತಿದ್ದುಪಡಿಯಿಂದ ರಾಜರ ವಿಶೇಷ ಮರ್ಯಾದೆಗಳು ರದ್ದಾದವು. ಆದರೂ ಜಂಬೂಸವಾರಿಯ ದಿನ ಚಿನ್ನದ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಮುಖ್ಯಮಂತ್ರಿಗಳು ಪುಷ್ಪಾರ್ಚನೆ ಮಾಡುವಾಗ ಪೊಲೀಸರ ಫಿರಂಗಿ ದಳ 21 ಸುತ್ತು ಸಿಡಿಸುತ್ತದೆ. ಸದ್ದಿಗೆ ಬೆದರದಂತೆ ಆನೆ, ಕುದುರೆಗಳಿಗೆ ಮೊದಲೇ ತಾಲೀಮು ನಡೆಯುತ್ತದೆ. ಒಬ್ಬ ಒಡೆಯನಿಗೆ ಸಲ್ಲುತ್ತಿದ್ದದ್ದು ದೇವಿಗೆ, ಆಕೆಯ ಮೂಲಕ ನಾಡಿಗೆ ಸಂದಿತು.

ಶಿರಾ, ಪಾವಗಡಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಗಣರಾಜ್ಯೋತ್ಸವದ ಬೆಳಿಗ್ಗೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಕೆಡೆಟ್‌ಗಳು ಪಥಸಂಚಲನದಲ್ಲಿ ಸಾಗುತ್ತಾರೆ. ಗೌರವವಂದನೆ ಸ್ವೀಕರಿಸುವ ತಹಶೀಲ್ದಾರರ ಮೈಮೇಲೆ ಖಾಕಿಯೂ ಇಲ್ಲ, ತಲೆಯ ಮೇಲೆ ಟೋಪಿಯೂ ಇಲ್ಲ. 2002ರ ಧ್ವಜಸಂಹಿತೆಯ ಪ್ರಕಾರ ಇದು ಸರಿಯೇ: ಸಮವಸ್ತ್ರದವರು ಸೆಲ್ಯೂಟ್ ಮಾಡಬೇಕು, ಉಳಿದವರು ಸಾವಧಾನವಾಗಿ ನಿಲ್ಲಬೇಕು, ಗಣ್ಯರು ಬರಿದಲೆಯಲ್ಲಿಯೂ ವಂದನೆ ಸ್ವೀಕರಿಸಬಹುದು. 2015ರ ಗಣರಾಜ್ಯೋತ್ಸವದಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಸೆಲ್ಯೂಟ್ ಮಾಡಲಿಲ್ಲವೆಂದು ಎದ್ದ ಗುಲ್ಲು ಈ ಕಟ್ಟಳೆಯನ್ನು ಓದದವರದು. ಅಲ್ಲಿ ವಂದನೆ ಸ್ವೀಕರಿಸುತ್ತಿದ್ದವರು ರಾಷ್ಟ್ರಪತಿ. ಉಪರಾಷ್ಟ್ರಪತಿ ಸಾವಧಾನವಾಗಿ ನಿಂತದ್ದೇ ಕ್ರಮ. ಇತ್ತ ಕರ್ನಾಟಕದ ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ 2025ರಲ್ಲಿ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂದಿದೆ. ಟೋಪಿ ಹೊಸದು, ಅದರ ಅಂಚಿಗೆ ಏರುವ ಕೈಗೆ 1745ರ ಆದೇಶದಷ್ಟೇ ವಯಸ್ಸು.