ಮುಧೋಳ ನಾಯಿಯ ಸ್ವಭಾವ ಮತ್ತು ಕೆಲಸದ ಪ್ರವೃತ್ತಿ: ಚಿತ್ರದುರ್ಗ ಜಿಲ್ಲೆಯ ಕುರಿಗಾರರು ಹಾಗೂ ತೋಟಗಾರರಿಗೆ ಮಾಹಿತಿ

ಚಿತ್ರದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಒಣಭೂಮಿಯಲ್ಲಿ ಕುರಿ ಸಾಕಾಣಿಕೆಯು ಬೇಸಾಯದೊಡನೆ ಬೆರೆತ ಕಸುಬು. ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವ ಪದ್ಧತಿ ಇರುವುದರಿಂದ ಮಂದೆಯ ರಕ್ಷಣೆಯು ಕುರಿಗಾರನಿಗೆ ಮಾತ್ರವಲ್ಲದೆ ಬೇಸಾಯಗಾರನಿಗೂ ಸಂಬಂಧಿಸಿದ ವಿಷಯವಾಗಿದೆ. ಹೊಸದುರ್ಗ, ಹೊಳಲ್ಕೆರೆ ಭಾಗದ ತೆಂಗು ಮತ್ತು ಅಡಿಕೆ ತೋಟದ ಮನೆಗಳಲ್ಲಿಯೂ ರಾತ್ರಿಯ ಕಾವಲಿಗೆ ನಾಯಿಯೇ ಆಧಾರ. ಮುಧೋಳ ತಳಿಯ ಹೆಸರು ಕೇಳಿ ಈ ಎರಡೂ ಕೆಲಸಗಳಿಗೆ ಅದನ್ನು ತರಲು ರೈತರು ಬಯಸುವುದುಂಟು. ಆದರೆ ಮಂದೆ ಕಾಯುವ ನಾಯಿ ಬೇರೆ, ಬೇಟೆಯನ್ನು ಬೆನ್ನಟ್ಟುವ ನಾಯಿ ಬೇರೆ. ಈ ವ್ಯತ್ಯಾಸ ತಿಳಿಯದೆ ತಂದ ನಾಯಿಯಿಂದ ಮಂದೆಗೇ ಅಪಾಯವಾಗಬಹುದು.

ತಳಿಯ ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಈ ತಳಿಯ ನೆಲೆ. ಅಲ್ಲಿನ ಘೋರ್ಪಡೆ ಅರಸರು ಇದಕ್ಕೆ ಆಶ್ರಯ ನೀಡಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ, ನೀಳವಾದ ಕಾಲುಗಳು ಮತ್ತು ಗಿಡ್ಡ ಕೂದಲು ಇದರ ಲಕ್ಷಣಗಳು. ಗಂಡು ನಾಯಿಯ ಭುಜದ ಎತ್ತರ ಸುಮಾರು 70 ಸೆಂ.ಮೀ. ಇರುತ್ತದೆ. ಬಯಲಿನಲ್ಲಿ ಓಡುವ ಮೊಲದಂತಹ ಪ್ರಾಣಿಗಳನ್ನು ಕಣ್ಣಿನಿಂದ ಗುರುತಿಸಿ, ವೇಗದಿಂದ ಹಿಡಿಯುವುದಕ್ಕಾಗಿಯೇ ಈ ದೇಹ ರೂಪುಗೊಂಡಿದೆ.

ಸ್ವಭಾವ

ಮುಧೋಳ ನಾಯಿಯು ಮನೆಯವರೊಡನೆ ನಿಷ್ಠೆಯಿಂದಿದ್ದು, ಅಪರಿಚಿತರಿಂದ ದೂರ ಉಳಿಯುತ್ತದೆ. ಹೊಸಬರು ಮೈ ಮುಟ್ಟುವುದನ್ನು ಸಾಮಾನ್ಯವಾಗಿ ಸಹಿಸುವುದಿಲ್ಲ. ಹೊಡೆತ, ಬೈಗುಳಗಳಿಂದ ಇದು ಕಲಿಯುವುದಿಲ್ಲ. ಬದಲಿಗೆ ಅಂಜುಬುರುಕವಾಗುತ್ತದೆ ಅಥವಾ ಕಚ್ಚುವ ಅಭ್ಯಾಸ ಬೆಳೆಸಿಕೊಳ್ಳುತ್ತದೆ. ಹಗಲಿರುಳು ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಯೂ ಹಾಗೆಯೇ ಕೆಡುತ್ತದೆ. ದಿನಕ್ಕೆ ಎರಡು ಬಾರಿ, ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ, ಬೇಲಿಯೊಳಗೆ ಓಡಾಡಲು ಬಿಡುವುದು ಅವಶ್ಯಕ. ಊಟ ಹಾಕಿದ ಕೂಡಲೇ ಓಡಿಸಬಾರದು.

ಬೆನ್ನಟ್ಟುವ ಪ್ರವೃತ್ತಿ ಮತ್ತು ಮಂದೆ

ನಾಯಿಯ ಬೇಟೆಯಲ್ಲಿ ಕ್ರಮವಾದ ಹಂತಗಳಿವೆ: ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು. ಮಂದೆ ಕಾಯುವ ನಾಯಿಗಳಲ್ಲಿ ಈ ಪ್ರವೃತ್ತಿ ಮಂದವಾಗಿರುತ್ತದೆ. ಅವು ಕುರಿಗಳ ನಡುವೆ ಮಲಗಿ, ಹೊರಗಿನಿಂದ ಬಂದದ್ದಕ್ಕೆ ಬೊಗಳಿ ಎದುರಾಗುತ್ತವೆ. ಮುಧೋಳ ತಳಿಯಲ್ಲಿ ಬೆನ್ನಟ್ಟುವ ಹಂತವೇ ಪ್ರಬಲ. ಬೆದರಿ ಓಡುವ ಮರಿ ಅದರ ಕಣ್ಣಿಗೆ ಮೊಲದಂತೆಯೇ ಕಾಣಬಹುದು. ಅದು ನಾಯಿಯ ದುಷ್ಟತನವಲ್ಲ, ತಳಿಯ ಗುಣ.

ಆದ್ದರಿಂದ ಕೆಳಗಿನ ಸೂಚನೆಗಳನ್ನು ಗಮನಿಸಿರಿ:

• ತಲೆ ತಗ್ಗಿಸಿ, ಮೈ ಬಿಗಿಹಿಡಿದು ಕುರಿಯನ್ನು ಎವೆಯಿಕ್ಕದೆ ನೋಡುವುದು
• ಮಂದೆಯಿಂದ ಹಿಂದುಳಿದ ಮರಿಯ ಹಿಂದೆ ಓಡುವುದು
• ಆಟದ ನೆಪದಲ್ಲಿ ಕಿವಿ, ಬಾಲ, ಉಣ್ಣೆಯನ್ನು ಕಚ್ಚುವುದು

ಇವುಗಳಲ್ಲಿ ಒಂದು ಕಂಡರೂ ಆ ಕ್ಷಣದಲ್ಲೇ ಗದರಿಸಿ ತಡೆದು, ನಾಯಿಯನ್ನು ಮಂದೆಯಿಂದ ಬೇರ್ಪಡಿಸಿರಿ. ಓಟವೇ ಇದಕ್ಕೆ ಬಹುಮಾನವಾದ್ದರಿಂದ, ಒಮ್ಮೆ ಬೆನ್ನಟ್ಟಿ ಹಿಡಿದ ನಾಯಿಯನ್ನು ಮತ್ತೆ ತಿದ್ದುವುದು ಬಹಳ ಕಷ್ಟ.

ಯಾರಿಗೆ ಯಾವ ನಾಯಿ?

ತೋಳದ ಭಯವಿರುವ ಕುರಿ ರೊಪ್ಪಗಳಿಗೆ ಹಟ್ಟಿಯಲ್ಲೇ, ಕುರಿಗಳ ಮಗ್ಗುಲಲ್ಲೇ ಹುಟ್ಟಿ ಬೆಳೆದ ನಾಡುನಾಯಿಯ ಮರಿ ಹೆಚ್ಚು ಸೂಕ್ತ. ಮಂದೆಯನ್ನು ಚೆನ್ನಾಗಿ ಕಾಯುತ್ತಿರುವ ತಾಯಿಯ ಮರಿಯನ್ನೇ ಆರಿಸಿರಿ. ಬೇಲಿಯುಳ್ಳ ತೋಟದ ಮನೆಗೆ, ನಿತ್ಯ ಸಮಯ ಕೊಡಬಲ್ಲ ಕುಟುಂಬಕ್ಕೆ ಮುಧೋಳ ನಾಯಿ ಹೊಂದುತ್ತದೆ. ಚಿರತೆ ಓಡಾಡುವ ಜೋಗಿಮಟ್ಟಿಯಂತಹ ಕಾಡಿನ ಅಂಚಿನಲ್ಲಿ ಯಾವ ನಾಯಿಯನ್ನೂ ರಾತ್ರಿ ಬಯಲಲ್ಲಿ ಕಟ್ಟಬಾರದು. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತಾಗುತ್ತದೆ.

ಶೇಂಗಾ, ಮೆಕ್ಕೆಜೋಳದ ಹೊಲಗಳಲ್ಲಿ ಕಾಡುಹಂದಿಯ ಮೇಲೆ ನಾಯಿ ಬಿಡುವ ಉದ್ದೇಶದಿಂದ ಈ ತಳಿಯನ್ನು ತರಬೇಡಿರಿ. ಗಾಯಗೊಂಡ ಹಂದಿ ನಾಯಿಯನ್ನೂ ಮನುಷ್ಯನನ್ನೂ ಸೀಳಬಲ್ಲದು. ಅಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಕಾಡುಹಂದಿ, ಕೃಷ್ಣಮೃಗಗಳ ಬೇಟೆಗೆ ನಾಯಿಗಳನ್ನು ಬಳಸುವುದು ಶಿಕ್ಷಾರ್ಹ ಅಪರಾಧವಾಗಿದೆ.

ಮರಿಯ ಪಾಲನೆ

ಮರಿಯನ್ನು ಎಂಟು ವಾರದವರೆಗೆ ತಾಯಿಯೊಡನೆ ಬಿಡಬೇಕು. ಮೂರರಿಂದ ಹನ್ನೆರಡು ವಾರಗಳ ಅವಧಿಯಲ್ಲಿ ಮರಿಯು ನೋಡಿದ್ದನ್ನು ತನ್ನದೆಂದು ಸ್ವೀಕರಿಸುತ್ತದೆ. ಮಕ್ಕಳು, ದನಕರು, ಕುರಿ, ಕೋಳಿಗಳನ್ನು ಈ ವಯಸ್ಸಿನಲ್ಲೇ ನಿಮ್ಮ ಸಮ್ಮುಖದಲ್ಲಿ ಪರಿಚಯಿಸಿರಿ. ಹೀಗೆ ಬೆಳೆದ ಮುಧೋಳ ನಾಯಿಯನ್ನು ಸಹ ಮಂದೆಯೊಡನೆ ಒಂಟಿಯಾಗಿ ಬಿಡಬಾರದು. ಬರಿಯ ಮುದ್ದೆ ಮಜ್ಜಿಗೆ ಸಾಲದು. ಮೊಟ್ಟೆ ಅಥವಾ ಬೇಯಿಸಿದ ಮಾಂಸವನ್ನೂ ಕೊಡಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಚಳಿಗಾಲದಲ್ಲಿ ಗೋಣಿಚೀಲದ ಹಾಸಿಗೆ ಒದಗಿಸಿರಿ.

ನಾಯಿಯ ಆರೋಗ್ಯ, ಕುರಿಯ ಆರೋಗ್ಯ

ಕುರಿಗಳು ಒಂದೇ ಕಡೆಗೆ ಸುತ್ತುತ್ತಾ ಬಿದ್ದು ಸಾಯುವ ರೋಗಕ್ಕೆ ನಾಯಿಯ ಕರುಳಿನ ಲಾಡಿಹುಳು ಒಂದು ಮುಖ್ಯ ಕಾರಣ. ಸತ್ತ ಅಥವಾ ಕೊಯ್ದ ಕುರಿಯ ತಲೆಯನ್ನು ನಾಯಿ ತಿಂದಾಗ ಮಿದುಳಿನ ನೀರುಗುಳ್ಳೆಯಿಂದ ಹುಳು ನಾಯಿಯ ಕರುಳನ್ನು ಸೇರುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಮೇವಿಗೆ, ಮೇವಿನಿಂದ ಮತ್ತೆ ಕುರಿಗೆ ತಲುಪುತ್ತವೆ. ಇನ್ನೊಂದು ಜಾತಿಯ ಲಾಡಿಹುಳು ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲೂ ಗುಳ್ಳೆ ಉಂಟುಮಾಡುತ್ತದೆ. ಆದಕಾರಣ:

• ಕುರಿಯ ತಲೆ, ಯಕೃತ್ತು, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಹಾಕಬಾರದು. ಸತ್ತ ಕುರಿಯನ್ನು ಆಳವಾಗಿ ಹೂಳಬೇಕು.
• ಪಶುವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕ ನೀಡಬೇಕು.
• ಮೂರು ತಿಂಗಳ ವಯಸ್ಸಿಗೆ ರೇಬೀಸ್ ಲಸಿಕೆ ಹಾಕಿಸಿ, ಪ್ರತಿವರ್ಷ ಪುನರಾವರ್ತಿಸಬೇಕು.
• ನಾಯಿ ಕಚ್ಚಿದಲ್ಲಿ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

ಮರಿ ಖರೀದಿಸುವ ಮುನ್ನ

ತಂದೆ ತಾಯಿ ನಾಯಿಗಳೆರಡನ್ನೂ ಕಣ್ಣಾರೆ ನೋಡಿ ಅವುಗಳ ನಡವಳಿಕೆ ವಿಚಾರಿಸಿರಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಈ ತಳಿಯ ಸಂರಕ್ಷಣೆಯಲ್ಲಿ ತೊಡಗಿದೆ. ತಳಿಯ ಬಗೆಗಿನ ಮಾಹಿತಿಯನ್ನು ಅಲ್ಲಿ ಕೇಳಬಹುದು. ವಿಸ್ತರಣಾ ಕಾರ್ಯಕರ್ತರು ಕುರಿಗಾರರ ಸಭೆಗಳಲ್ಲಿ ಕುರಿಗಳ ಜಂತುನಾಶಕದ ಜೊತೆಗೆ ನಾಯಿಗಳ ಜಂತುನಾಶಕದ ವಿಷಯವನ್ನೂ ತಪ್ಪದೆ ತಿಳಿಸತಕ್ಕದ್ದು. ಹೆಚ್ಚಿನ ಸಲಹೆಗೆ ನಿಮ್ಮ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.